ಮೂರು ಸಾವಿರ ರೂಪಾಯಿಯಲ್ಲಿ ಕೈಕಲೆಗೆ ಪ್ರಚಾರ: ಹೀಗೆ ಶುರು ಮಾಡಿ

ಕಾಫಿ ಡಿಕಾಕ್ಷನ್‌ನಲ್ಲಿ ಚಿತ್ರ ಬಿಡಿಸುವವರು, ಕಿತ್ತುಹಾಕಿದ ಹಳೇ ಕಾಫಿ ಗಿಡದ ಬೊಡ್ಡೆಯಿಂದ ದೀಪದ ಸ್ಟ್ಯಾಂಡ್ ಮಾಡುವವರು, ಕಸೂತಿ ಹಾಕುವವರು, ಬಿದಿರು ಹೆಣೆಯುವವರು ಕೊಡಗಿನಲ್ಲಿ ಎಲ್ಲ ಊರಲ್ಲೂ ಸಿಗುತ್ತಾರೆ. ಪ್ರಚಾರ ಎಂದಾಕ್ಷಣ ಹೆಚ್ಚಿನವರು ಕೇಳುವುದು, ಫೇಸ್‌ಬುಕ್ ಜಾಹೀರಾತಿಗೆ ಎಷ್ಟು ಹಾಕಬೇಕು ಎಂದು. ನಮ್ಮಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಗಿರಾಕಿಗಳು ತಾವಾಗಿಯೇ ಘಟ್ಟ ಹತ್ತಿ ಬರುತ್ತಾರೆ. ರಾಜಾಸೀಟಿನಲ್ಲಿ ಫೋಟೊ ತೆಗೆಸಿಕೊಂಡು, ದುಬಾರೆಯಲ್ಲಿ ಆನೆ ನೋಡಿ, ಕಾಳುಮೆಣಸು, ಜೇನು, ಚಾಕೊಲೇಟು ಕಟ್ಟಿಸಿಕೊಂಡು ಭಾನುವಾರ ಹೊರಟುಬಿಡುತ್ತಾರೆ. ಇಲ್ಲಿರುವಾಗ ನಿಮ್ಮ ಕೆಲಸ ಅವರ ಕಣ್ಣಿಗೆ ಬೀಳಬೇಕು, ಊರಿಗೆ ಹೋದ ಮೇಲೂ ನೀವು ಅವರಿಗೆ ಸಿಗಬೇಕು. ಕೈಯಲ್ಲಿ ಮೂರು ಸಾವಿರ ಇದ್ದರೆ ಬಹುಪಾಲನ್ನು ಈ ಎರಡಕ್ಕೇ ಇಡಿ.

ಮೊದಲು ಬೆಲೆ ಕಟ್ಟಿ

ಪ್ರಚಾರಕ್ಕೂ ಮುಂಚೆ ಈ ಲೆಕ್ಕ ಆಗಬೇಕು. ಐನ್‌ಮನೆಯ (ಕೊಡವರ ಹಿರಿಯರ ಮೂಲಮನೆ) ಒಂದು ಸಣ್ಣ ಕಾಫಿ ಚಿತ್ರವನ್ನೇ ತೆಗೆದುಕೊಳ್ಳಿ. ಕಾಗದಕ್ಕೆ 40 ರೂಪಾಯಿ, ಫ್ರೇಮಿಗೆ 250, ಟ್ಯಾಗು ಮತ್ತು ಕವರಿಗೆ 30 ಎಂದಿಟ್ಟುಕೊಳ್ಳೋಣ. ಐದು ತಾಸಿನ ಕೆಲಸಕ್ಕೆ ತಾಸಿಗೆ ನೂರರಂತೆ 500 ಸೇರಿಸಿ. ಒಟ್ಟು 820. ಇದನ್ನೇ ಬೆಲೆ ಎಂದು ಬರೆದರೆ ಹೋಂಸ್ಟೇಯವರಿಗೆ ಶೇ 25 ಕಮಿಷನ್ ಕೊಡುವಾಗ ಹೋಗುವುದು ನಿಮ್ಮ ಕೂಲಿಯೇ. 1,100 ರೂಪಾಯಿ ಇಟ್ಟರೆ ಕಮಿಷನ್ ಕಳೆದು 825 ಕೈಗೆ ಬರುತ್ತದೆ. ಮನೆಗೆ ಬಂದವರಿಗೂ ಅದೇ 1,100. ನೀವು ಮನೆಯಲ್ಲಿ 850ಕ್ಕೆ ಕೊಟ್ಟ ಸುದ್ದಿ ಹೋಂಸ್ಟೇಯವರ ಕಿವಿಗೆ ಬಿದ್ದರೆ ಅವರ ಗೋಡೆಯಲ್ಲಿ ನಿಮಗೆ ಜಾಗ ಇರುವುದಿಲ್ಲ. ಚೌಕಾಸಿಗೆ ಇಳಿಯುವವರಿಗಾಗಿ ನೂರು, ನೂರೈವತ್ತು ರೂಪಾಯಿಯ ಪುಸ್ತಕದ ಗುರುತುಪಟ್ಟಿ, ಕಾರ್ಡುಗಳನ್ನು ಬೇರೆಯೇ ಮಾಡಿಡಿ.

ಹಿಂಬದಿಯಲ್ಲಿ ನಂಬರು

ಮೂರು ಸಾವಿರದಲ್ಲಿ 1,200 ರೂಪಾಯಿಯನ್ನು ಟ್ಯಾಗು ಮತ್ತು ಸ್ಟಿಕ್ಕರಿಗೆ ಇಡಿ. ವಿಸಿಟಿಂಗ್ ಕಾರ್ಡು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಉಳಿಯುತ್ತದೆ. ಚಿತ್ರದ ಹಿಂದೆ ಅಂಟಿಸಿದ ಸ್ಟಿಕ್ಕರು ಚಿತ್ರ ಇರುವವರೆಗೂ ಇರುತ್ತದೆ. ಅದರಲ್ಲಿ ನಿಮ್ಮ ಹೆಸರು, ಊರು, ಯಾವುದರಿಂದ ಮಾಡಿದ್ದು ಎಂಬ ಒಂದು ಸಾಲು, ಫೋನ್ ನಂಬರು, ವಾಟ್ಸ್‌ಆ್ಯಪ್‌ನ ಕ್ಯೂಆರ್ ಕೋಡ್ ಇದ್ದರೆ ಸಾಕು. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಈ ಕೋಡ್ ಪುಕ್ಕಟೆಯಾಗಿ ಸಿಗುತ್ತದೆ. ಕಾಫಿ ಬಣ್ಣ ನೇರ ಬಿಸಿಲಿಗೆ ಮಾಸುವುದರಿಂದ 'ಬಿಸಿಲು ಬೀಳದ ಗೋಡೆಗೆ ಹಾಕಿ' ಎಂದೂ ಬರೆಯಿರಿ.

ಐನ್‌ಮನೆ ಬಿಡಿಸುವವರಿಗೆ ಒಂದು ಮಾತು. ಅದು ಒಂದು ಒಕ್ಕದ, ಅಂದರೆ ಕೊಡವ ಮನೆತನದ ಮನೆ; ಪೂರ್ವಜರ ಗುಡಿಯಾದ ಕೈಮಡ ಇರುವ ಜಾಗ. ಹಿರಿಯರನ್ನು ಕೇಳಿಯೇ ಚಿತ್ರಕ್ಕೆ ಆ ಒಕ್ಕದ ಹೆಸರು ಹಾಕಿ. ಕೇಳಲು ಹೋದ ಮನೆಯಿಂದಲೇ ಮದುವೆ ಉಡುಗೊರೆಗೆ ಆರ್ಡರು ಬಂದರೂ ಬರಬಹುದು.

ಹೋಂಸ್ಟೇ ಗೋಡೆ

ಬಾಡಿಗೆಯಿಲ್ಲದ ಅಂಗಡಿ ಎಂದರೆ ಇದೇ. ಅತಿಥಿಗಳು ಎರಡು ರಾತ್ರಿ ಆ ಚಿತ್ರದ ಮುಂದೆಯೇ ಕೂತು ಕಾಫಿ ಕುಡಿಯುತ್ತಾರೆ. ಅಷ್ಟು ಹೊತ್ತು ಯಾರೂ ಮೊಬೈಲಿನಲ್ಲಿ ನಿಮ್ಮ ಚಿತ್ರ ನೋಡುವುದಿಲ್ಲ. ಆದರೆ ಮಾತುಕತೆ ಸ್ಪಷ್ಟವಾಗಿರಬೇಕು, ಪರಿಚಯದವರಾದರೆ ಇನ್ನೂ ಸ್ಪಷ್ಟವಾಗಿರಬೇಕು.

ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಆರಕ್ಕಿಂತ ಹೆಚ್ಚು ವಸ್ತು ಒಯ್ಯಬೇಡಿ. 'ಇಟ್ಟುಕೊಳ್ಳಿ, ಮಾರಾಟವಾದ ಮೇಲೆ ಹಣ ಕೊಡಿ' ಎಂದರೆ ಅವರಿಗೆ ಬಂಡವಾಳದ ಹೊರೆಯಿಲ್ಲ. ಎರಡು ಪ್ರತಿ ಬರೆದು ಇಬ್ಬರೂ ಸಹಿ ಹಾಕಿ: ಯಾವ ವಸ್ತು, ಎಷ್ಟು ಬೆಲೆ, ಕಮಿಷನ್ ಎಷ್ಟು, ಲೆಕ್ಕ ಯಾವ ದಿನ, ಒಡೆದರೆ ಯಾರ ಹೊಣೆ. ಒಡೆಯುವ ಮಾತನ್ನು ಬರೆಯಲು ಎಲ್ಲರಿಗೂ ಸಂಕೋಚ. ಜಗಳ ಬರುವುದೂ ಅದಕ್ಕೇ.

ಮಾರುವವರು ಹೋಂಸ್ಟೇಯ ಯಜಮಾನರಲ್ಲ, ಕಾಫಿ ತಂದುಕೊಡುವ ಹುಡುಗ ಎಂಬುದು ನೆನಪಿರಲಿ. ಇದು ಯಾರು ಮಾಡಿದ್ದು ಎಂದು ಅತಿಥಿ ಕೇಳುವುದು ಅವನನ್ನೇ. ಹೇಗೆ ಮಾಡುತ್ತೀರಿ ಎಂಬುದನ್ನು ಅವನಿಗೆ ತೋರಿಸಿ, ಒಂದು ಸಣ್ಣ ಚಿತ್ರ ಅವನ ಮನೆಗೂ ಕೊಡಿ. ಮೂರು ಸಾವಿರದಲ್ಲಿ 600 ರೂಪಾಯಿಯನ್ನು ಮಾದರಿಗೆಂದು ಎತ್ತಿಡಿ, ಇದೂ ಅದರಲ್ಲೇ ಸೇರಲಿ.

ಮೊದಲ ಹಂಗಾಮಿಗೆ ಮೂರು ಹೋಂಸ್ಟೇ ಸಾಕು. ಎಲ್ಲವೂ ಮಡಿಕೇರಿ ಸುತ್ತಲೇ ಬೇಡ; ಒಂದು ಕಕ್ಕಬ್ಬೆ ಕಡೆ, ಒಂದು ಕುಶಾಲನಗರದ ಕಡೆ ಇದ್ದರೆ ಯಾವ ಬಗೆಯ ಅತಿಥಿಗೆ ಏನು ಹಿಡಿಸುತ್ತದೆ ಎಂದು ತಿಳಿಯುತ್ತದೆ.

ಜನ ಸೇರುವ ಕಡೆ

ಮಡಿಕೇರಿಯ ಶುಕ್ರವಾರದ ಸಂತೆಗೆ ಜನ ಬರುವುದು ತರಕಾರಿಗೆ, ಒಣಮೀನಿಗೆ. ಅಲ್ಲಿ ಚಿತ್ರ ಹರಡಿ ಕೂರುವುದರಲ್ಲಿ ನನಗೆ ನಂಬಿಕೆಯಿಲ್ಲ. ಬುಟ್ಟಿ, ಮೊರದವರಿಗೆ ಬೇಕಾದರೆ ಆದೀತು. ಕೊಡವ ಒಕ್ಕಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿಯ ಮಾತು ಬೇರೆ. 1997ರಲ್ಲಿ ಕರಡದಲ್ಲಿ ಶುರುವಾದ ಈ ಹಬ್ಬ ವರ್ಷಕ್ಕೊಂದು ಒಕ್ಕದ ಆತಿಥ್ಯದಲ್ಲಿ ನಡೆಯುತ್ತದೆ. ಬೇಸಿಗೆಯಲ್ಲಿ ವಾರಗಟ್ಟಲೆ ಆಟ, ಹೊರಗೆ ನೆಲೆಸಿದ ಕೊಡವರೂ ಊರಿಗೆ ಬರುವ ಕಾಲ, ಒಕ್ಕದ ಹೆಸರಿಗೆ ಬೆಲೆ ಇರುವ ಜಾಗ. ಒಂದು ಸ್ಟಾಲನ್ನು ಇಬ್ಬರು, ಮೂವರು ಕಲಾವಿದರು ಹಂಚಿಕೊಂಡರೆ ಬಾಡಿಗೆ ಹಗುರ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆ ಮುಂಚಿತವಾಗಿಯೇ ಅರ್ಜಿ ಹಾಕಿ.

ಮೊಬೈಲಿನಲ್ಲಿ

ಫೋಟೊಗೆ ಜಗಲಿಯ ನೆರಳು, ಬೆಳಗಿನ ಬೆಳಕು ಸಾಕು. ಫ್ಲ್ಯಾಶ್ ಬೇಡ, ಫಿಲ್ಟರ್ ಬೇಡವೇ ಬೇಡ. ಫೋಟೊದಲ್ಲಿ ಕಂಡ ಬಣ್ಣ ಕೈಗೆ ಬಂದಾಗ ಇಲ್ಲದಿದ್ದರೆ ವಸ್ತು ವಾಪಸು ಬರುತ್ತದೆ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಕಾಫಿ ಲೋಟ ಇಡಿ. ಈ ಫೋಟೊಗಳನ್ನು ಬೆಲೆಯೊಂದಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ಗೆ ಹಾಕಿ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಕೊಂಡವರಿಗೆ 'ನಂಬರ್ ಸೇವ್ ಮಾಡಿಕೊಳ್ಳಿ' ಎಂದು ಅಲ್ಲೇ ಹೇಳಿಬಿಡಿ. ತಿಂಗಳಿಗೆ ಒಂದೆರಡು ಸಂದೇಶ ಸಾಕು. ದಿನಾ ಗುಡ್ ಮಾರ್ನಿಂಗ್ ಕಳುಹಿಸಿದರೆ ಬ್ಲಾಕ್ ಆಗುತ್ತೀರಿ.

ಇನ್‌ಸ್ಟಾಗ್ರಾಂನಲ್ಲಿ ಮುಗಿದ ಚಿತ್ರಕ್ಕಿಂತ ಕೈ ಓಡುತ್ತಿರುವ ಅರ್ಧ ನಿಮಿಷದ ವಿಡಿಯೊ ಹಾಕಿ. ಹೊರಗಿನವರು ಹುಡುಕುವುದು 'ಕೂರ್ಗ್' ಎಂದು, ಹಾಗಾಗಿ ಎರಡೂ ಹೆಸರು ಬರೆಯಿರಿ. ಗಿರಾಕಿಗಳು ಮನೆಗೇ ಬರುವಂತಿದ್ದರೆ ಗೂಗಲ್ ಮ್ಯಾಪಿನಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿ. ತೋಟದೊಳಗಿನ ಮನೆಗೆ ದಾರಿ ಹೇಳಿ ಹೇಳಿ ಸುಸ್ತಾಗುವುದಾದರೂ ತಪ್ಪುತ್ತದೆ.

ಪಾರ್ಸೆಲ್, ಮಳೆ

ಪ್ಯಾಕಿಂಗಿಗೆ 800 ರೂಪಾಯಿ. ನಮ್ಮ ಜಿಲ್ಲೆಗೆ ರೈಲಿಲ್ಲ. ಪಾರ್ಸೆಲ್ ಘಟ್ಟದ ರಸ್ತೆಯಲ್ಲೇ ಕುಲುಕುತ್ತಾ ಇಳಿಯಬೇಕು. ಗಾಜಿನ ಫ್ರೇಮನ್ನು ಅಂಚೆಗೆ ಹಾಕಬೇಡಿ. ಚಿತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಎರಡು ಗಟ್ಟಿ ರಟ್ಟುಗಳ ನಡುವೆ ಕಟ್ಟಿ ಸ್ಪೀಡ್ ಪೋಸ್ಟ್ ಮಾಡಿ, ಫ್ರೇಮನ್ನು ಅವರ ಊರಲ್ಲೇ ಹಾಕಿಸಿಕೊಳ್ಳಲಿ. ಫ್ರೇಮಿನ ಹಣ ಬೆಲೆಯಿಂದ ಕಳೆಯಿರಿ, ಅಂಚೆ ವೆಚ್ಚ ಬೇರೆಯಾಗಿ ಹೇಳಿ.

ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಯಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈಕೊಡುತ್ತವೆ, ಕಾಗದಕ್ಕೂ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಮಾಡಿಡುವ ಕಾಲ ಎಂದುಕೊಳ್ಳಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬದಲ್ಲಿ ಸರಕು ಇರಲಿ. ಹೋಂಸ್ಟೇಗೆ ಕೊಟ್ಟದ್ದನ್ನೂ ಮಳೆಗೆ ಮುಂಚೆ ವಾಪಸು ತನ್ನಿ. ದಸರಾ ರಜೆ, ತಲಕಾವೇರಿಯ ತುಲಾ ಸಂಕ್ರಮಣ, ಡಿಸೆಂಬರ್ ರಜೆಯ ಹೊತ್ತಿಗೆ ಸರಕು ಕೈಯಲ್ಲಿರಬೇಕು.

ಕಾಗದಪತ್ರ

ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಪೂರ್ತಿ ಉಚಿತ, ಯಾರಿಗೂ ಶುಲ್ಕ ಕೊಡಬೇಡಿ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಬುಟ್ಟಿ ಹೆಣೆಯುವವರು, ಗೊಂಬೆ ಮಾಡುವವರು ಸೇರಿದ್ದಾರೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ. ಚಿತ್ರಕಾರರು ಆ ಪಟ್ಟಿಯಲ್ಲಿಲ್ಲ. ಹೊರರಾಜ್ಯಕ್ಕೆ ಮಾರುವ ಮುಂಚೆ ಜಿಎಸ್‌ಟಿ ಬಗ್ಗೆ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

ಉಳಿದ 400 ರೂಪಾಯಿ ಈಗ ಜಾಹೀರಾತಿಗೆ. ಹಂಗಾಮಿನಲ್ಲಿ ಹೆಚ್ಚು ಜನ ನೋಡಿದ ಒಂದೇ ವಿಡಿಯೊಗೆ, ದಿನಕ್ಕೆ ನೂರರಂತೆ ನಾಲ್ಕು ದಿನ, ಬೆಂಗಳೂರು ಮತ್ತು ಮೈಸೂರಿನವರಿಗೆ ಮಾತ್ರ ಕಾಣುವಂತೆ ಹಾಕಿ. ಕೊಂಡ ಪ್ರತಿಯೊಬ್ಬರನ್ನೂ 'ನಮ್ಮ ಕೆಲಸ ಎಲ್ಲಿ ನೋಡಿದಿರಿ' ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಂಗಾಮು ಮುಗಿದಾಗ ಒಂದೂ ಮಾರಾಟ ತರದ ಹೋಂಸ್ಟೇಯಿಂದ ಚಿತ್ರಗಳನ್ನು ಇಳಿಸಿಕೊಂಡು ಬೇರೆ ಗೋಡೆ ನೋಡಿ.