ಪ್ರಶ್ನೆ ಇಲ್ಲದವರು ತಿಂಡಿ ಬರೆಯಿರಿ

ನಾನು ಆರೋಗ್ಯ ಉಪಕೇಂದ್ರದ ಸಿಸ್ಟರ್. ಪಕ್ಕದ ಹೈಸ್ಕೂಲಿನ ಹೆಣ್ಣುಮಕ್ಕಳ ಜೊತೆ ಮುಟ್ಟಿನ ಬಗ್ಗೆ ಮಾತಾಡುವುದು ನನ್ನ ಕೆಲಸಗಳಲ್ಲೊಂದು.

ಮೊದಲ ಸಲ ಹೋದಾಗ "ಏನಾದ್ರೂ ತೊಂದರೆ ಇದ್ರೆ ಹೇಳ್ರಮ್ಮಾ" ಅಂದೆ. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಯಾರು ಬಾಯಿ ಬಿಡುತ್ತಾರೆ?

ಆಮೇಲೆ ಪ್ರಶ್ನೆ ಬರೆದು ಕೊಡಲಿ ಅಂತ ಚೀಟಿ ತಂದೆ. ಅದೂ ಕೆಟ್ಟಿತು. ಬರೆಯಲು ತಲೆ ಬಗ್ಗಿಸಿದವಳನ್ನೇ ಉಳಿದವರೆಲ್ಲ ನೋಡಿದರು. ಈಗ ಎಲ್ಲರೂ ಬರೆಯಲೇಬೇಕು. ಪ್ರಶ್ನೆ ಇಲ್ಲದವರು ಬೆಳಿಗ್ಗೆ ತಿಂದದ್ದನ್ನು ಬರೆಯಬೇಕು. ಉಪ್ಪಿಟ್ಟು, ರೊಟ್ಟಿಗಳ ನಡುವೆ "ಬಿಳಿ ಸೆರಗು ಹೋದ್ರೆ ಮೂಳೆ ಕರಗುತ್ತಾ?" ಅಂತ ಒಂದು ಚೀಟಿ ಇರುತ್ತದೆ. (ಕರಗಲ್ಲ.) "ಏನೂ ತಿಂದಿಲ್ಲ" ಅನ್ನೋ ಚೀಟಿಗಳನ್ನೂ ಎಣಿಸಿಕೊಳ್ಳುತ್ತೇನೆ. ಅದೂ ಆರೋಗ್ಯದ ಮಾತೇ ಅಲ್ವಾ?

"ಜಾಸ್ತಿ ಹೋಗುತ್ತಾ?" ಅಂತ ಕೇಳುವುದನ್ನೂ ಬಿಟ್ಟೆ. ಬೇರೆಯವರಿಗೆ ಎಷ್ಟು ಹೋಗುತ್ತದೆ ಅಂತ ಅವರಿಗೇನು ಗೊತ್ತು, "ನಾರ್ಮಲ್" ಅಂದುಬಿಡುತ್ತಾರೆ. ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ರಾತ್ರಿ ಎದ್ದು ಬದಲಾಯಿಸ್ತೀಯಾ ಅಂತ ಕೇಳುತ್ತೇನೆ. ಗಂಟೆ ಎರಡು ಗಂಟೆಗೊಂದು ಪ್ಯಾಡ್ ತುಂಬಿದರೆ ಅಥವಾ ಏಳು ದಿನ ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು.

ಒಂಬತ್ತನೇ ಕ್ಲಾಸಿನ ಒಬ್ಬಳು "ಹತ್ತು ದಿನ" ಅಂದಳು. ಹಿಮೋಗ್ಲೋಬಿನ್ ನೋಡಿದರೆ 7.6. ಕಡಿಮೆ ಅಂದರೂ 12 ಇರಬೇಕು. ಯಾರಿಗೂ ಹೇಳಲ್ಲ ಅಂತ ಮೊದಲೇ ಮಾತು ಕೊಟ್ಟುಬಿಟ್ಟಿದ್ದೆ. ತಾಯಿಗೆ ಹೇಳದೆ ಹೇಗೆ? ಹೇಳಿದೆ. ಹುಡುಗಿ ನನ್ನ ಜೊತೆ ಮಾತು ಬಿಟ್ಟಳು, ತಪ್ಪು ನನ್ನದೇ. ಈಗ ಶುರುವಿನಲ್ಲೇ ಹೇಳುತ್ತೇನೆ: "ಊರಲ್ಲಿ ಯಾರಿಗೂ ಹೇಳಲ್ಲ. ನಿನ್ನ ಜೀವಕ್ಕೆ ತೊಂದರೆ ಅನಿಸಿದರೆ ಮಾತ್ರ ಅಮ್ಮನಿಗೆ. ಅದೂ ನಿನಗೆ ತಿಳಿಸಿಯೇ."

ತಾಯಿ "ನಂಗೂ ಹಂಗೇ ಇತ್ತು ಸಿಸ್ಟರ್, ಮದುವೆ ಆದ್ಮೇಲೆ ಸರಿಹೋಗುತ್ತೆ" ಅಂದರು. ವಾದ ಮಾಡಲಿಲ್ಲ. "ನಿಮ್ಮದೂ ನೋಡೋಣ, ಬೆರಳು ಕೊಡಿ" ಅಂದೆ. 8.9 ಬಂತು. ಅವರ ಇನ್ನೊಂದು ಭಯ, ಮದುವೆಯಾಗದ ಮಗಳು ಬಸುರಿಯರ ಸಾಲಲ್ಲಿ ನಿಂತರೆ ಜನ ಏನಂದಾರು ಅನ್ನೋದು. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ ಅಂದ ಮೇಲೆ ಒಪ್ಪಿದರು. ಮೂವರೂ ಒಂದೇ ಬಸ್ಸಲ್ಲಿ ಹೋದೆವು.

ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಗಾಗುತ್ತದೆ ಅಂತ ಹೇಳಲು ಮರೆತಿದ್ದೆ. ಮೂರನೇ ದಿನ ಹುಡುಗಿಯದೇ ಫೋನ್. ಅಮ್ಮನ ಮೊಬೈಲಿಂದ, ಅಮ್ಮನ ಎದುರೇ, ಗಟ್ಟಿಯಾಗಿ ಕೇಳಿದಳು. "ಹೆದರಬೇಡ ಪುಟ್ಟಿ, ಮಾತ್ರೆ ನಿಲ್ಲಿಸಬೇಡ. ಟೀ ಜೊತೆ ಮಾತ್ರ ನುಂಗಬೇಡ" ಅಂದೆ.