ಇಪ್ಪತ್ತೈದು ಸಾವಿರ ಕಾರ್ಡುಗಳಲ್ಲಿ ನಿಮಗೆ ಬೇಕಾದ್ದನ್ನು ಹುಡುಕುವುದು ಹೇಗೆ?

ಮ್ಯಾಜಿಕ್: ದ ಗ್ಯಾದರಿಂಗ್ ಆಡುವವರ ಮನೆಯಲ್ಲಿ ಖಾಲಿ ಶೂ ಡಬ್ಬಿ ಸಿಗುವುದು ಕಷ್ಟ. ಎಲ್ಲದರ ತುಂಬ ಕಾರ್ಡು. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು ರೂಪಿಸಿದ ಈ ಆಟ ಅಮೆರಿಕದಲ್ಲಿ 1993ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಬಂದಾಗ ಮೊದಲ ಸೆಟ್ಟಿನಲ್ಲಿ ಇದ್ದದ್ದು 295 ಕಾರ್ಡು. ಈಗ ಬೇರೆ ಬೇರೆ ಕಾರ್ಡುಗಳ ಸಂಖ್ಯೆಯೇ 25 ಸಾವಿರ ದಾಟಿದೆ. ಒಂದೇ ಕಾರ್ಡು ಹತ್ತಾರು ಸಲ ಮರುಮುದ್ರಣ ಆಗಿರುವುದನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಎಷ್ಟೋ ಪಟ್ಟು.

ಆಟದ ಒಡೆಯರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಗೆ ಗ್ಯಾದರರ್ ಎಂಬ ಅಧಿಕೃತ ಡೇಟಾಬೇಸ್ ಇದೆ. ಆದರೆ ಡೆಕ್ (ಆಡಲು ಆರಿಸಿಕೊಂಡ ಕಾರ್ಡುಗಳ ಕಟ್ಟು) ಕಟ್ಟುವವರು ನಿತ್ಯ ತೆರೆಯುವುದು ಸ್ಕ್ರೈಫಾಲ್ ಎಂಬ ಸ್ವತಂತ್ರ ತಾಣವನ್ನು. ಉಚಿತ, ಹುಡುಕಲು ಖಾತೆಯೂ ಬೇಡ. ಒಂದೇ ಸಾಲಿನಲ್ಲಿ ಹತ್ತು ಷರತ್ತು ಬರೆದು ಎಂಟರ್ ಒತ್ತಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಆದರೂ ಬಹುಪಾಲು ಜನ ಅಲ್ಲಿ ಕಾರ್ಡಿನ ಹೆಸರು ಟೈಪ್ ಮಾಡಿ, ಚಿತ್ರ ನೋಡಿ, ಹೊರಬರುತ್ತಾರೆ. ಹೆಸರು ಗೊತ್ತಿದ್ದರೆ ಯಾವ ತಾಣವಾದರೂ ಆದೀತು. ಹೆಸರೇ ಗೊತ್ತಿಲ್ಲದ ಕಾರ್ಡನ್ನು ಅದು ಮಾಡುವ ಕೆಲಸದಿಂದ ಹಿಡಿಯುವುದಕ್ಕೆ ಸ್ಕ್ರೈಫಾಲ್ ಬೇಕು.

ಶುರು ಮಾಡುವ ಮೊದಲು ಒಂದು ಮಾತು. ಕೆಳಗೆ ಕನ್ನಡದಲ್ಲಿ ಕೊಟ್ಟಿರುವ ಹುಡುಕು ಸಾಲುಗಳನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ, ಚಿಕ್ಕಕ್ಷರ ಯಾವುದಾದರೂ ನಡೆಯುತ್ತದೆ. ಆದರೆ ಕೋಲನ್ ಚಿಹ್ನೆಯ ಆಚೀಚೆ ಜಾಗ ಬಿಡಬೇಡಿ. ಮೊಬೈಲ್ ಕೀಬೋರ್ಡುಗಳು ತಾವಾಗಿಯೇ ಒಂದು ಜಾಗ ತೂರಿಸುತ್ತವೆ, ಅದನ್ನು ಅಳಿಸಿ.

ಕೈಯಲ್ಲಿರುವ ಕಾರ್ಡು ಯಾವುದು?

ಮೊದಲು ಸುಲಭದ್ದು. ಕಾರ್ಡು ನಿಮ್ಮ ಕೈಯಲ್ಲೇ ಇದೆ, ಅದು ಯಾವ ಮುದ್ರಣದ್ದು ಎಂದು ತಿಳಿಯಬೇಕು. 2014ರ ನಂತರದ ಕಾರ್ಡಾದರೆ ಕೆಳಗಡೆ ಎಡ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಂಖ್ಯೆ, ಸೆಟ್ಟಿನ ಸಂಕೇತಾಕ್ಷರ, ಭಾಷೆಯ ಗುರುತು ಇರುತ್ತದೆ. ಕಲಾದೇಶ್ ಸೆಟ್ಟಿನ ಸಂಕೇತ ಕೆ, ಎಲ್, ಡಿ. ಅದರ ಐವತ್ತನೇ ಕಾರ್ಡು ಬೇಕೆಂದರೆ:

ಸೆಟ್:ಕೆಎಲ್‌ಡಿ ನಂಬರ್:50

ಇಷ್ಟು ಸಾಕು, ನೇರ ಆ ಕಾರ್ಡೇ ಬರುತ್ತದೆ. ಹಳೆಯ ಕಾರ್ಡುಗಳಲ್ಲಿ ಈ ಸಂಕೇತಾಕ್ಷರ ಇಲ್ಲ. ಆಗ ಚಿತ್ರದ ಕೆಳಗೆ ಬಲಬದಿಯಲ್ಲಿರುವ ಸೆಟ್ ಚಿಹ್ನೆಯನ್ನು ನೋಡಬೇಕು. 1998ರ ಎಕ್ಸೋಡಸ್ ಸೆಟ್ಟಿನಿಂದ ಆ ಚಿಹ್ನೆಯ ಬಣ್ಣವೇ ಕಾರ್ಡು ಎಷ್ಟು ಅಪರೂಪ ಎಂದು ಹೇಳುತ್ತದೆ: ಕಪ್ಪು ಕಾಮನ್, ಬೆಳ್ಳಿ ಅನ್‌ಕಾಮನ್, ಚಿನ್ನ ರೇರ್. 2008ರಿಂದ ಕೆಂಗಿತ್ತಳೆಯ ಮಿಥಿಕ್ ಸೇರಿಕೊಂಡಿತು. ಎಕ್ಸೋಡಸ್‌ಗೆ ಹಿಂದಿನ ಕಾರ್ಡುಗಳಲ್ಲಿ ಸಂಖ್ಯೆಯೂ ಇಲ್ಲ, ಚಿಹ್ನೆಗೆ ಬಣ್ಣವೂ ಇಲ್ಲ. ಅಂಥವಕ್ಕೆ ಹೆಸರು ಹಾಕಿ, ಪಕ್ಕದಲ್ಲಿ ಯುನೀಕ್:ಪ್ರಿಂಟ್ಸ್ ಎಂದು ಸೇರಿಸಿ. ಆ ಕಾರ್ಡಿನ ಎಲ್ಲ ಮುದ್ರಣಗಳೂ ಸಾಲಾಗಿ ಕಾಣುತ್ತವೆ. ಅಂಚಿನ ಬಣ್ಣ, ಚೌಕಟ್ಟು, ಚಿತ್ರಕಾರನ ಹೆಸರು ಹೋಲಿಸಿ ನಿಮ್ಮದನ್ನು ಗುರುತಿಸಿ.

ನಕಲಿ ಕಾರ್ಡಿನ ಅನುಮಾನ ಇದ್ದರೂ ಇದೇ ಪುಟ ಉಪಯೋಗಕ್ಕೆ ಬರುತ್ತದೆ. ಸ್ಕ್ಯಾನ್ ಚಿತ್ರಗಳು ಸಾಕಷ್ಟು ದೊಡ್ಡದಾಗಿವೆ, ಅಕ್ಷರದ ದಪ್ಪ, ಚಿಹ್ನೆಯ ಅಂಚು ಹೋಲಿಸಿ ನೋಡಬಹುದು. 2014ರ ಮ್ಯಾಜಿಕ್ 2015 ಸೆಟ್ಟಿನಿಂದ ಈಚೆಗೆ ರೇರ್ ಮತ್ತು ಮಿಥಿಕ್ ಕಾರ್ಡುಗಳ ತಳದಲ್ಲಿ ಸಾಮಾನ್ಯವಾಗಿ ಹೊಳೆಯುವ ಅಂಡಾಕಾರದ ಮುದ್ರೆ ಇರುತ್ತದೆ. ಡೇಟಾಬೇಸಿನ ಚಿತ್ರದಲ್ಲಿ ಇದ್ದು ನಿಮ್ಮ ಕಾರ್ಡಿನಲ್ಲಿ ಇಲ್ಲದಿದ್ದರೆ ದುಡ್ಡು ಕೊಡುವ ಮುಂಚೆ ಯೋಚಿಸಿ.

ಹೆಸರು ಗೊತ್ತಿಲ್ಲದಾಗ

ನಿಜವಾದ ಹುಡುಕಾಟ ಇಲ್ಲಿಂದ. ಪ್ರತಿ ಷರತ್ತಿಗೂ ಎರಡು ಭಾಗ: ಕೋಲನ್‌ನ ಎಡಕ್ಕೆ ಕಾರ್ಡಿನ ಯಾವ ಭಾಗವನ್ನು ನೋಡಬೇಕು ಎಂಬುದು, ಬಲಕ್ಕೆ ಅಲ್ಲಿ ಏನಿರಬೇಕು ಎಂಬುದು. ಟೈಪ್, ಕಲರ್, ಒರಾಕಲ್, ರೇರಿಟಿ, ಫಾರ್ಮ್ಯಾಟ್, ಆರ್ಟಿಸ್ಟ್, ಈ ಆರು ಬಂದರೆ ಮುಕ್ಕಾಲು ಕೆಲಸ ಮುಗಿದಂತೆ. ಪೂರ್ತಿ ಬರೆಯಲು ಬೇಸರವಾದರೆ ಪ್ರತಿಯೊಂದರ ಮೊದಲ ಇಂಗ್ಲಿಷ್ ಅಕ್ಷರ ಸಾಕು.

ಒಂದು ಉದಾಹರಣೆಯನ್ನೇ ಕಟ್ಟುತ್ತಾ ಹೋಗೋಣ. ಪಾಪರ್ ಎಂಬ ಮಾದರಿಯ ಆಟ ಇದೆ. ಎಂದಾದರೂ ಒಮ್ಮೆ ಕಾಮನ್ ಆಗಿ ಅಚ್ಚಾದ ಕಾರ್ಡುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಜೇಬಿಗೆ ಭಾರವಾಗದ್ದರಿಂದ ಹೊಸಬರಿಗೆ ನಾನು ಹೇಳುವುದು ಇದನ್ನೇ. ಇದಕ್ಕೊಂದು ಕೆಂಪು ಡೆಕ್ ಬೇಕು, ಎದುರಾಳಿಗೆ ಅಗ್ಗದಲ್ಲಿ ಏಟು ಕೊಡುವ ಕಾರ್ಡುಗಳು ಬೇಕು. ಮೊದಲು:

ಕಲರ್:ರೆಡ್ ಟೈಪ್:ಇನ್‌ಸ್ಟಂಟ್

ಇನ್‌ಸ್ಟಂಟ್ ಎಂದರೆ ಎದುರಾಳಿಯ ಸರದಿಯಲ್ಲೂ ಆಡಬಹುದಾದ ಮಂತ್ರದ ಕಾರ್ಡು. ಸಾವಿರದ ಲೆಕ್ಕದಲ್ಲಿ ಬಂದರೆ ಗಾಬರಿ ಬೇಡ. ಆಟದ ಮಾದರಿ ಸೇರಿಸಿ: ಫಾರ್ಮ್ಯಾಟ್:ಪಾಪರ್. ಮಾನಾ (ಕಾರ್ಡು ಆಡಲು ತೆರುವ ಶಕ್ತಿ) ವೆಚ್ಚ ಎರಡನ್ನು ಮೀರಬಾರದು: ಎಂವಿ, ಅದರ ಮುಂದೆ ಕಿರಿದು ಎಂಬ ಚಿಹ್ನೆ, ಸಮ ಚಿಹ್ನೆ, 2. ಇನ್ನು ಕಾರ್ಡಿನ ಮೇಲಿನ ಬರಹದಲ್ಲಿ ಏಟಿನ ಮಾತಿರಬೇಕು: ಒರಾಕಲ್:ಡ್ಯಾಮೇಜ್. ಈಗ ಉಳಿದ ಪಟ್ಟಿಯನ್ನು ಒಂದು ಕಾಫಿ ಮುಗಿಯುವುದರಲ್ಲಿ ನೋಡಿ ಮುಗಿಸಬಹುದು. 1993ರಿಂದಲೂ ಇರುವ ಲೈಟ್ನಿಂಗ್ ಬೋಲ್ಟ್ ಅದರಲ್ಲಿ ಇದ್ದೇ ಇರುತ್ತದೆ. ಒಂದು ಕೆಂಪು ಮಾನಾಕ್ಕೆ ಮೂರು ಏಟು.

ಬೇಡದ್ದನ್ನು ತೆಗೆಯಲು ಷರತ್ತಿನ ಆರಂಭದಲ್ಲೇ ಮೈನಸ್ ಹಾಕಿ. ಎರಡರಲ್ಲಿ ಯಾವುದಾದರೂ ಆದೀತು ಎನ್ನುವುದಾದರೆ ನಡುವೆ ಆರ್ ಎಂದು ಬರೆದು ಎರಡನ್ನೂ ಆವರಣದೊಳಗೆ ಇಡಿ. ಬಲ ಜಾಸ್ತಿ, ತಾಳಿಕೆ ಕಡಿಮೆ ಇರುವ, ಕಾದಾಡುವ ಜೀವಿಗಳಾದ ಕ್ರೀಚರ್‌ಗಳು ಬೇಕೇ? ಪವರ್, ಹಿರಿದು ಚಿಹ್ನೆ, ಟಫ್‌ನೆಸ್ ಎಂದು ಬರೆದರೂ ತಾಣಕ್ಕೆ ಅರ್ಥವಾಗುತ್ತದೆ.

ಒರಾಕಲ್: ಎಲ್ಲರೂ ಎಡವುವ ಜಾಗ

ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಒರಾಕಲ್ ಎಂದರೆ ಕಾರ್ಡಿನ ನಿಯಮದ ಇವತ್ತಿನ ಅಧಿಕೃತ ಪಾಠ. ನಿಮ್ಮ ಕೈಯಲ್ಲಿರುವ ಕಾರ್ಡಿನ ಮೇಲೆ ಅಚ್ಚಾಗಿರುವುದು ಅದೇ ಆಗಿರಬೇಕಿಲ್ಲ. ಆಟ ಮೂರು ದಶಕದಲ್ಲಿ ತನ್ನ ಭಾಷೆಯನ್ನು ತಿದ್ದಿಕೊಳ್ಳುತ್ತಲೇ ಬಂದಿದೆ. ಹಾಗೆ ತಿದ್ದಿದಾಗಲೆಲ್ಲ ಹಳೆಯ ಕಾರ್ಡುಗಳಿಗೂ ಹೊಸ ಮಾತೇ ಅನ್ವಯ.

2010ರ ಮ್ಯಾಜಿಕ್ 2011 ಸೆಟ್ಟಿನ ಲೈಟ್ನಿಂಗ್ ಬೋಲ್ಟ್ ತೆಗೆದುಕೊಳ್ಳಿ. ಅದರ ಮೇಲೆ ‘ಟಾರ್ಗೆಟ್ ಕ್ರೀಚರ್ ಆರ್ ಪ್ಲೇಯರ್’ ಎಂದಿದೆ. 2018ರ ಡೊಮಿನೇರಿಯಾ ಸೆಟ್ಟಿನ ಹೊತ್ತಿಗೆ ಈ ಮಾತು ‘ಎನಿ ಟಾರ್ಗೆಟ್’ ಎಂದಾಯಿತು. ಕಾರ್ಡು ನೋಡಿಕೊಂಡು ಹಳೆಯ ಮಾತನ್ನೇ ಟೈಪ್ ಮಾಡಿದರೆ ಬೋಲ್ಟ್ ಸಿಗುವುದಿಲ್ಲ. ಇನ್ನೂ ಈಚಿನದು 2024ರ ಬ್ಲೂಮ್‌ಬರೋ ಸೆಟ್ಟಿನಿಂದ ಬಂದದ್ದು: ಅಲ್ಲಿಯವರೆಗೆ ಸಾವಿರಾರು ಕಾರ್ಡುಗಳಲ್ಲಿದ್ದ ‘ಎಂಟರ್ಸ್ ದ ಬ್ಯಾಟಲ್‌ಫೀಲ್ಡ್’ ಬರೀ ‘ಎಂಟರ್ಸ್’ ಆಗಿ ಮೊಟಕಾಯಿತು. ನಿಮ್ಮ ಡಬ್ಬಿಯ ಮುಕ್ಕಾಲು ಕಾರ್ಡುಗಳಲ್ಲಿ ಉದ್ದದ ಮಾತೇ ಇರಬಹುದು, ಹುಡುಕಬೇಕಾದ್ದು ಚಿಕ್ಕದನ್ನು.

ಹಾಗಾದರೆ ಇವತ್ತಿನ ಮಾತು ಯಾವುದೆಂದು ತಿಳಿಯುವುದು ಹೇಗೆ? ಅದೇ ಕೆಲಸ ಮಾಡುವ, ನಿಮಗೆ ಹೆಸರು ಗೊತ್ತಿರುವ ಒಂದು ಕಾರ್ಡಿನ ಪುಟ ತೆರೆಯಿರಿ. ಚಿತ್ರದ ಪಕ್ಕ ಟೈಪ್ ಮಾಡಿದ ಅಕ್ಷರಗಳಲ್ಲಿ ಇರುವುದೇ ಒರಾಕಲ್ ಪಾಠ. ಅಲ್ಲಿಂದ ಎರಡು-ಮೂರು ಪದ ಎತ್ತಿಕೊಂಡು ಉದ್ಧರಣ ಚಿಹ್ನೆಯೊಳಗೆ ಹಾಕಿ. ಉದ್ಧರಣ ಚಿಹ್ನೆ ಮರೆತರೆ ಮೊದಲ ಪದ ಮಾತ್ರ ಒರಾಕಲ್‌ಗೆ ಸೇರಿ, ಮಿಕ್ಕವು ಕಾರ್ಡಿನ ಹೆಸರೆಂದು ಲೆಕ್ಕವಾಗುತ್ತವೆ. ಫಲಿತಾಂಶ ಖಾಲಿ ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ. ಇನ್ನು ಬರಹದ ನಡುವೆ ಕಾರ್ಡಿನ ಸ್ವಂತ ಹೆಸರು ಬರುವ ಕಡೆ ಅಲೆಯಂಥ ಟಿಲ್ಡೆ ಚಿಹ್ನೆ ಹಾಕಿ, ಯಾವ ಹೆಸರಿದ್ದರೂ ಹೊಂದಿಕೊಳ್ಳುತ್ತದೆ.

ಉದ್ದನೆಯ ವಾಕ್ಯ ಹಾಕುವುದಕ್ಕಿಂತ ಎರಡು ಚಿಕ್ಕ ತುಂಡುಗಳನ್ನು ಎರಡು ಒರಾಕಲ್ ಷರತ್ತಾಗಿ ಹಾಕುವುದು ಒಳ್ಳೆಯದು. ವಾಕ್ಯದ ಒಂದು ಅಲ್ಪವಿರಾಮ ಆಚೀಚೆ ಆದರೂ ಕಾರ್ಡು ತಪ್ಪಿಹೋಗುತ್ತದೆ.

ಕಮಾಂಡರ್ ಆಡುವವರಿಗೆ

ಈ ಮಾದರಿಯಲ್ಲಿ ಡೆಕ್ಕಿನಲ್ಲಿ ನೂರು ಕಾರ್ಡು, ಮಾನಾ ಕೊಡುವ ಮೂಲ ಲ್ಯಾಂಡ್ ಬಿಟ್ಟು ಯಾವುದೂ ಎರಡು ಸಲ ಇರುವಂತಿಲ್ಲ. ಡೆಕ್ಕಿನ ನಾಯಕ ಕಾರ್ಡೇ ಕಮಾಂಡರ್. ಜತೆಗೆ ಎಲ್ಲ ಕಾರ್ಡೂ ಕಮಾಂಡರ್‌ನ ಬಣ್ಣದ ಗಡಿಯೊಳಗೇ ಇರಬೇಕು. ಇಲ್ಲಿ ಕಲರ್ ಎಂದು ಹುಡುಕಿದರೆ ಕೆಲಸ ಕೆಡುತ್ತದೆ. ಕಲರ್:ರೆಡ್ ಎಂದರೆ ಕೆಂಪು ಇರುವ ಎಲ್ಲವೂ, ಕೆಂಪು ಜತೆ ಹಸಿರು ಬೆರೆತದ್ದೂ ಬರುತ್ತದೆ. ಯಂತ್ರ, ಆಯುಧದಂಥ ವಸ್ತುಗಳಾದ ಬಣ್ಣವಿಲ್ಲದ ಆರ್ಟಿಫ್ಯಾಕ್ಟ್‌ಗಳು ಬರುವುದೇ ಇಲ್ಲ. ಬೇಕಾದ್ದು ಐಡೆಂಟಿಟಿ. ಬರಹದೊಳಗಿನ ಮಾನಾ ಚಿಹ್ನೆಗಳನ್ನೂ ಎಣಿಸಿ, ನಿಮ್ಮ ಗಡಿಯೊಳಗೆ ಬರುವುದನ್ನಷ್ಟೇ ಅದು ಕೊಡುತ್ತದೆ.

ನಮಗೆ ಹತ್ತಿರದ ಒಂದು ಪಾತ್ರವನ್ನೇ ಕಮಾಂಡರ್ ಮಾಡೋಣ. 2016ರ ಕಲಾದೇಶ್ ಸೆಟ್ಟು ಭಾರತದ ಪ್ರೇರಣೆಯಿಂದ ಹುಟ್ಟಿದ ಲೋಕ. 2025ರ ಈಥರ್‌ಡ್ರಿಫ್ಟ್ ಸೆಟ್ಟಿನಲ್ಲಿ ಆ ಲೋಕದ ಹೆಸರು ಆವಿಷ್ಕಾರ್ ಎಂದು ಬದಲಾಯಿತು. ಅಲ್ಲಿನ ಯಂತ್ರಶಿಲ್ಪಿ ಸಹೇಲಿ ರಾಯ್. 2018ರ ಕಮಾಂಡರ್ ಸೆಟ್ಟಿನಲ್ಲಿ ಬಂದ ಸಹೇಲಿ, ದ ಗಿಫ್ಟೆಡ್ ನೀಲಿ-ಕೆಂಪು ಬಣ್ಣದವಳು. ಆ ಜೋಡಿಗೆ ಆಟದಲ್ಲಿ ಇಝೆಟ್ ಎಂಬ ಹೆಸರಿದೆ, ತಾಣಕ್ಕೂ ಗೊತ್ತು:

ಐಡೆಂಟಿಟಿ:ಇಝೆಟ್ ಟೈಪ್:ಆರ್ಟಿಫ್ಯಾಕ್ಟ್ ಫಾರ್ಮ್ಯಾಟ್:ಕಮಾಂಡರ್

ಅಕ್ಷರದಲ್ಲಿ ಬರೆಯುವವರು ನೆನಪಿಡಿ: ಬಿ ಎಂದರೆ ಕಪ್ಪು, ನೀಲಿಗೆ ಯು.

ಒಂದು ಕಾರ್ಡು ಎಲ್ಲಿ ಆಡಬಹುದು, ಎಲ್ಲಿ ಆಡಬಾರದು ಎಂಬ ಪಟ್ಟಿ ಅದರ ಪುಟದಲ್ಲೇ ಇದೆ. ಫೆಲಿಡಾರ್ ಗಾರ್ಡಿಯನ್ ಎಂಬ ಬೆಕ್ಕಿನ ಪುಟ ನೋಡಿ. ಸಹೇಲಿ ರಾಯ್ (ಗಿಫ್ಟೆಡ್ ಅಲ್ಲ, ಕಲಾದೇಶ್ ಸೆಟ್ಟಿನ ಕಾರ್ಡು) ಈ ಬೆಕ್ಕಿನ ನಕಲು ತೆಗೆಯುತ್ತಾಳೆ. ಆ ನಕಲು ಬಂದ ಕೂಡಲೇ ಸಹೇಲಿಯನ್ನು ಆಚೆ ಕಳಿಸಿ ವಾಪಸು ಕರೆಸುತ್ತದೆ. ಹೊಸದಾಗಿ ಬಂದ ಸಹೇಲಿ ಮತ್ತೊಂದು ನಕಲು ತೆಗೆಯುತ್ತಾಳೆ. ಹೀಗೆ ಒಂದೇ ಸರದಿಯಲ್ಲಿ ಎಣಿಸಲಾರದಷ್ಟು ಬೆಕ್ಕು. 2017ರ ಏಪ್ರಿಲ್‌ನಲ್ಲಿ ಈಚಿನ ಸೆಟ್ಟುಗಳಷ್ಟೇ ನಡೆಯುವ ಸ್ಟ್ಯಾಂಡರ್ಡ್ ಆಟದಿಂದ ಬೆಕ್ಕನ್ನು ನಿಷೇಧಿಸಿದರು. ಇಂಥ ತಕರಾರಿನ ಕಾರ್ಡುಗಳ ಪುಟದ ಕೆಳಗೆ ನಿಯಮದ ಟಿಪ್ಪಣಿಗಳೂ ಇರುತ್ತವೆ. ಆಟದ ನಡುವೆ ಜಗಳ ಹತ್ತಿದಾಗ ದನಿ ಏರಿಸುವ ಬದಲು ಅದನ್ನು ಓದಿ.

ಬೆಲೆಯ ವಿಷಯ

ಯುಎಸ್‌ಡಿ, ಕಿರಿದು ಚಿಹ್ನೆ, 1 ಎಂದು ಸೇರಿಸಿದರೆ ಒಂದು ಡಾಲರಿಗಿಂತ ಅಗ್ಗದವು ಮಾತ್ರ ಉಳಿಯುತ್ತವೆ. ಡಾಲರ್ ಬೆಲೆ ಅಮೆರಿಕದ ಟಿಸಿಜಿಪ್ಲೇಯರ್ ಮಾರುಕಟ್ಟೆಯದು, ಯೂರೋ ಬೆಲೆ ಯುರೋಪಿನ ಕಾರ್ಡ್‌ಮಾರ್ಕೆಟ್‌ನದು. ರೂಪಾಯಿ ಬೆಲೆ ಇಲ್ಲ. ಡಾಲರನ್ನು ರೂಪಾಯಿಗೆ ಗುಣಿಸಿ ಬೆಂಗಳೂರಿನ ಅಂಗಡಿಯವನ ಜತೆ ವಾದಕ್ಕೆ ಇಳಿಯಬೇಡಿ. ಸಾಗಣೆ, ಸುಂಕ, ಇಲ್ಲಿನ ದಾಸ್ತಾನು ಎಲ್ಲ ಸೇರಿ ಲೆಕ್ಕ ಬೇರೆಯೇ ಆಗುತ್ತದೆ. ಯಾವ ಕಾರ್ಡು ಯಾವುದಕ್ಕಿಂತ ದುಬಾರಿ ಎಂದು ತಿಳಿಯಲು ಮಾತ್ರ ಆ ಅಂಕಿ ನಂಬಿ. ಅಮೆರಿಕದಲ್ಲಿ ಅಕ್ಕನೋ ಭಾವನೋ ಇದ್ದು, ಊರಿಗೆ ಬರುವಾಗ ತರುವವರಿದ್ದರೆ ಆ ಮಾತು ಬೇರೆ.

ಒಂದೇ ಕಾರ್ಡಿನ ಅಗ್ಗದ ಮುದ್ರಣ ಬೇಕಾದರೆ ಯುನೀಕ್:ಪ್ರಿಂಟ್ಸ್ ಹಾಕಿ, ಫಲಿತಾಂಶದ ಮೇಲಿರುವ ಪಟ್ಟಿಯಲ್ಲಿ ಬೆಲೆಯ ಏರಿಕೆ ಕ್ರಮ ಆರಿಸಿ. ಆಡಲು ಬೇಕಾದವರಿಗೆ ಮೊದಲ ಸಾಲಿನದು ಸಾಕು. ಹಳೆಯದನ್ನು ಕೂಡಿಡುವವರು ಈಸ್:ರಿಸರ್ವ್ಡ್ ಹಾಕಿ ನೋಡಿ. ಮತ್ತೆಂದೂ ಅಚ್ಚು ಹಾಕುವುದಿಲ್ಲ ಎಂದು ಕಂಪನಿ 1996ರಲ್ಲಿ ಮಾತು ಕೊಟ್ಟ ಪಟ್ಟಿ ಅದು. ಬ್ಲ್ಯಾಕ್ ಲೋಟಸ್ ಅದರಲ್ಲಿದೆ, ಬೆಲೆ ಕೂತುಕೊಂಡು ನೋಡಿ.

ಸುಮ್ಮನೆ ಹುಡುಕುವ ಖುಷಿಗೆ

ಆರ್ಟ್ ಎಂಬ ಷರತ್ತು ಚಿತ್ರದೊಳಗೆ ಏನಿದೆ ಎಂದು ನೋಡುತ್ತದೆ. ಟೈಪ್:ಎಲಿಫೆಂಟ್ ಎಂದರೆ ಆನೆ ಜಾತಿಯ ಕ್ರೀಚರ್‌ಗಳು ಮಾತ್ರ, ಆರ್ಟ್:ಎಲಿಫೆಂಟ್ ಎಂದರೆ ಚಿತ್ರದ ಮೂಲೆಯಲ್ಲಿ ಆನೆ ಸುಳಿದ ಕಾರ್ಡೂ ಸೇರುತ್ತದೆ. ಈ ಗುರುತುಗಳನ್ನು ಹಾಕುವವರು ಆಟಗಾರ ಸ್ವಯಂಸೇವಕರು, ಹಾಗಾಗಿ ಅಲ್ಲಲ್ಲಿ ಬಿಟ್ಟುಹೋಗಿರುತ್ತದೆ. ಫಂಕ್ಷನ್ ಎಂಬ ಷರತ್ತಿನ ಹಿಂದೆಯೂ ಅವರದೇ ದುಡಿಮೆ. ಫಂಕ್ಷನ್:ರಿಮೂವಲ್ ಎಂದು ಹಾಕಿದರೆ ಎದುರಾಳಿಯ ಕಾರ್ಡನ್ನು ತೆಗೆದುಹಾಕುವ ಬಗೆಗಳೆಲ್ಲ ಪದಗಳ ತಂಟೆಯಿಲ್ಲದೆ ಸಿಗುತ್ತವೆ. ಒರಾಕಲ್ ಕಷ್ಟ ಎನ್ನುವವರಿಗೆ ಇದು ಅಡ್ಡದಾರಿ.

ಭಾಷೆಯನ್ನೂ ಕೇಳಬಹುದು. ಲ್ಯಾಂಗ್ ಎಂದು ಬರೆದು ಜಪಾನಿಗೆ ಜೆಎ, ಜರ್ಮನಿಗೆ ಡಿಇ. ಕನ್ನಡದ ಕಾರ್ಡು ಇಲ್ಲ. ಆದರೆ ಎಸ್‌ಎ ಎಂದು ಹಾಕಿ ನೋಡಿ, ಸಂಸ್ಕೃತದ್ದು ಸಿಗುತ್ತದೆ! ಹೊಸ ಸೆಟ್ ಬಿಡುಗಡೆಗೆ ಮುಂಚಿನ ಕೂಟಗಳಲ್ಲಿ ಹಂಚಲು ಲ್ಯಾಟಿನ್, ಹೀಬ್ರೂ, ಅರೇಬಿಕ್‌ನಂಥ ಭಾಷೆಗಳಲ್ಲಿ ಒಂದೊಂದು ವಿಶೇಷ ಕಾರ್ಡು ಅಚ್ಚು ಹಾಕಿದ್ದ ಕಾಲದ್ದು ಅದು.

ಕಟ್ಟಿದ ಹುಡುಕು ಸಾಲು ಚೆನ್ನಾಗಿ ಬಂದರೆ ಪುಟವನ್ನು ಬುಕ್‌ಮಾರ್ಕ್ ಮಾಡಿಕೊಳ್ಳಿ. ಸಾಲು ಪೂರ್ತಿ ಆ ಪುಟದ ವಿಳಾಸದೊಳಗೇ ಇರುತ್ತದೆ, ಹೊಸ ಸೆಟ್ಟು ಬಂದ ಮೇಲೆ ಅದನ್ನೇ ತೆರೆದರೆ ಹೊಸ ಕಾರ್ಡುಗಳೂ ಸೇರಿಕೊಂಡಿರುತ್ತವೆ. ಅದೇ ವಿಳಾಸವನ್ನು ಆಟದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಇದರಲ್ಲಿ ಯಾರ ಹತ್ತಿರ ಏನೇನಿದೆ ಎಂದು ಕೇಳಿದರೆ, ಕೊಳ್ಳುವ ಮುಂಚೆ ಅರ್ಧದಷ್ಟು ವಿನಿಮಯದಲ್ಲೇ ಸಿಕ್ಕರೂ ಸಿಕ್ಕೀತು.