ಅಂಗಡಿಯ ಮುಂಭಾಗಕ್ಕೆ ಎಲ್‌ಇಡಿ ವಿಡಿಯೋ ಪರದೆ: ಮಂಗಳೂರಿನಲ್ಲಿ ನಾನು ಕಟ್ಟಿದ ಬಗೆ

ಅಂಗಡಿಯ ಮುಂಭಾಗಕ್ಕೆ ಎಲ್‌ಇಡಿ ಪರದೆ ಬೇಕೆಂದು ಬರುವವರು ಮೊದಲು ಕೇಳುವುದು ಚದರ ಅಡಿಗೆ ಎಷ್ಟಾಗುತ್ತದೆ ಎಂದು. ದರ ಹೇಳುವ ಮೊದಲು ನಾನು ಅಂಗಡಿಯೆದುರಿನ ರಸ್ತೆಯಲ್ಲಿ ನಿಂತು, ಪರದೆಯನ್ನು ನೋಡುವವನು ಎಲ್ಲಿರುತ್ತಾನೆ, ಎಷ್ಟು ಹೊತ್ತು ನೋಡುತ್ತಾನೆ, ಬಿಸಿಲು ಯಾವ ಹೊತ್ತಿಗೆ ಯಾವ ದಿಕ್ಕಿನಿಂದ ಬೀಳುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳುತ್ತೇನೆ. ಪರದೆಯ ಉದ್ದಗಲ, ಬೆಳಕಿನ ಬಿಂದುಗಳ ನಡುವಿನ ಅಂತರ (ಪಿಚ್), ಹೊಳಪು ಇವೆಲ್ಲ ಈ ಮೂರು ಉತ್ತರಗಳಿಂದಲೇ ನಿರ್ಧಾರವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಂಗಳೂರಿನ ಒಂದು ಜವಳಿ ಅಂಗಡಿಗೆ ಮಾಡಿಕೊಟ್ಟ ಪರದೆಯನ್ನೇ ಇಲ್ಲಿ ವಿವರಿಸುತ್ತೇನೆ. ಕಟ್ಟಡ ಪಶ್ಚಿಮಕ್ಕೆ ಮುಖಮಾಡಿತ್ತು; ಕಾಲುದಾರಿಯಲ್ಲಿ ನಡೆಯುವವರು ಪರದೆಯಿಂದ ಸುಮಾರು ಆರು ಮೀಟರ್ ದೂರದಲ್ಲಿಯೂ ಎದುರಿನ ಬಸ್ ನಿಲ್ದಾಣದಲ್ಲಿ ಕಾಯುವವರು ಸುಮಾರು ಇಪ್ಪತ್ತು ಮೀಟರ್ ದೂರದಲ್ಲಿಯೂ ಇರುತ್ತಿದ್ದರು. ಪಿಚ್ ಎಂದರೆ ಅಕ್ಕಪಕ್ಕದ ಎರಡು ಬಿಂದುಗಳ ನಡುವಿನ ಅಂತರ. ಪಿಚ್ ಎಷ್ಟು ಮಿಲಿಮೀಟರೋ ಕನಿಷ್ಠ ಅಷ್ಟು ಮೀಟರ್ ದೂರದಿಂದ ನೋಡಿದರೆ ಚಿತ್ರ ಒಡೆದು ಕಾಣುವುದಿಲ್ಲ ಎಂಬುದು ನಮ್ಮ ಕೆಲಸದಲ್ಲಿ ಎಲ್ಲರೂ ಬಳಸುವ ಅಂದಾಜು. ಆ ಲೆಕ್ಕದಲ್ಲಿ ಪಿ10 (ಅಂದರೆ 10 ಮಿ.ಮೀ. ಪಿಚ್) ಇಲ್ಲಿಗೆ ಒರಟಾಗುತ್ತಿತ್ತು. ಪಿ4 ಹಾಕಿದ್ದರೆ ಹೆಚ್ಚಿನ ಹಣಕ್ಕೆ ತಕ್ಕ ಲಾಭ ಬಸ್ ನಿಲ್ದಾಣದವರಿಗೆ ಸಿಗುತ್ತಿರಲಿಲ್ಲ. ಹೀಗಾಗಿ ಪಿ5 ಆಯ್ಕೆ ಮಾಡಿ, ಎಲ್‌ಇಡಿ ಫಲಕಗಳನ್ನು ಕೂರಿಸಿದ 960 ಮಿ.ಮೀ. ಚೌಕದ ಪೆಟ್ಟಿಗೆಗಳನ್ನು, ಅಂದರೆ ಕ್ಯಾಬಿನೆಟ್‌ಗಳನ್ನು ಅಡ್ಡಕ್ಕೆ ಐದು, ಎತ್ತರಕ್ಕೆ ಮೂರು ಜೋಡಿಸಿದೆವು. 4.8 ಮೀಟರ್ ಅಗಲ, 2.88 ಮೀಟರ್ ಎತ್ತರ; ಬಿಂದುಗಳ ಲೆಕ್ಕದಲ್ಲಿ 960 ಅಡ್ಡ, 576 ಉದ್ದ. ಒಟ್ಟು 5,52,960 ಬಿಂದುಗಳಾದ್ದರಿಂದ, ಸುಮಾರು ಆರೂವರೆ ಲಕ್ಷ ಬಿಂದುಗಳನ್ನು ಹೊರಬಲ್ಲ ಒಂದೇ ನೆಟ್‌ವರ್ಕ್ ಪೋರ್ಟಿನಲ್ಲಿ ಇಡೀ ಪರದೆ ನಡೆಯುತ್ತದೆ.

ಪಿಚ್ ಆರಿಸುವಾಗ ನಾನು ಎಲ್ಲಕ್ಕಿಂತ ಹೆಚ್ಚು ಯೋಚಿಸುವುದು ಕನ್ನಡ ಅಕ್ಷರಗಳ ಬಗ್ಗೆ. ಇಂಗ್ಲಿಷಿನ ದೊಡ್ಡಕ್ಷರ ಏಳು ಸಾಲು ಬಿಂದುಗಳಲ್ಲಿ ಓದಲು ಬರುತ್ತದೆ. ಕನ್ನಡದಲ್ಲಿ ಅಕ್ಷರದ ಮೇಲೆ ತಲಕಟ್ಟೋ ಗುಡಿಸೋ ಇರುತ್ತದೆ, ಅಕ್ಷರದ ಕೆಳಗೆ ಒತ್ತು ಇಳಿಯುತ್ತದೆ. ಜವಳಿ ಅಂಗಡಿಯಲ್ಲಿ ತಪ್ಪದೇ ಬರುವ ‘ವಸ್ತ್ರ’ ಎಂಬ ಪದದಲ್ಲಿಯಂತೂ ಸಕಾರಕ್ಕೆ ತಕಾರ, ರಕಾರಗಳೆರಡೂ ಒತ್ತಾಗಿ ಸೇರುತ್ತವೆ. ಹದಿನಾರೇ ಸಾಲುಗಳಿರುವ ಹಳೆಯ ಕೆಂಪು ಓಡುವ ಬೋರ್ಡುಗಳಲ್ಲಿ ಕನ್ನಡ ಕಲಸಿಹೋಗಿ ಕಾಣುತ್ತಿದ್ದುದಕ್ಕೆ ಇದೇ ಕಾರಣ. ಇಪ್ಪತ್ತು ಮೀಟರ್ ದೂರದಿಂದ ಆಯಾಸವಿಲ್ಲದೆ ಓದಲು ಅಕ್ಷರದ ಒಡಲೇ ಸುಮಾರು 160 ಮಿ.ಮೀ. ಎತ್ತರವಿರಬೇಕು ಎಂದಿಟ್ಟುಕೊಂಡರೆ ಪಿ5ರಲ್ಲಿ 32 ಸಾಲುಗಳು ಸಿಗುತ್ತವೆ. ಮೇಲಿನ ಗುಣಿತಕ್ಕೂ ಕೆಳಗಿನ ಒತ್ತಿಗೂ ಸೇರಿ ಒಂದು ಪಂಕ್ತಿಗೆ ಅದರ ಎರಡರಷ್ಟು ಜಾಗ ಬಿಡುತ್ತೇನೆ. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿನ ಒಂದು ಸಣ್ಣ ಗೆರೆ ಮಾತ್ರ. ಅದಕ್ಕೆ ಕನಿಷ್ಠ ಎರಡು ಸಾಲು ಬಿಂದುಗಳು ಸಿಗದಿದ್ದರೆ ಪಕ್ಕದ ಬಿಂದುಗಳ ಹೊಳಪೇ ಆ ಗೆರೆಯನ್ನು ನುಂಗಿಬಿಡುತ್ತದೆ. ಗೆರೆಯ ದಪ್ಪ ಎಲ್ಲೆಡೆ ಒಂದೇ ಸಮನಾಗಿರುವ ಫಾಂಟನ್ನೇ ಆರಿಸುತ್ತೇನೆ. ಇನ್ನೊಂದು ವಿಷಯವೆಂದರೆ, ಪರದೆ ನಡೆಸುವ ಹಲವು ತಂತ್ರಾಂಶಗಳಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದರೆ ಒತ್ತುಗಳು ಬಿಡಿಬಿಡಿಯಾಗಿ ಬೀಳುತ್ತವೆ. ಆದ್ದರಿಂದ ಬರಹವನ್ನೆಲ್ಲ ಕಂಪ್ಯೂಟರಿನಲ್ಲಿ 960×576 ಅಳತೆಯ ಚಿತ್ರವಾಗಿ ಸಿದ್ಧಪಡಿಸಿ ಕಳುಹಿಸುತ್ತೇನೆ.

ಅಂಗಡಿಯ ಹೆಸರನ್ನು ಮಾತ್ರ ಪರದೆಗೆ ಬಿಡಲಿಲ್ಲ. ವಿದ್ಯುತ್ ಹೋದಾಗಲೂ ಅಂಗಡಿಗೆ ಹೆಸರಿರಬೇಕು. ಅದರ ಜೊತೆಗೆ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು. ಪರದೆಯ ಮೇಲ್ಗಡೆ ಅಕ್ರಿಲಿಕ್ ಅಕ್ಷರಗಳ ಸ್ಥಿರ ಫಲಕವನ್ನು ಪ್ರತ್ಯೇಕವಾಗಿ ಕೂರಿಸಿದೆವು.

ಇನ್ನು ಕರಾವಳಿಯ ಗಾಳಿ ಮಳೆಯ ವಿಚಾರ. ಕಟ್ಟಡಗಳ ಮೇಲಿನ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದಲ್ಲಿ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39 ಮೀಟರ್. ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಬೆಂಗಳೂರಿನಲ್ಲಿ ಚದರ ಮೀಟರಿಗೆ ಸುಮಾರು 650 ನ್ಯೂಟನ್ ಆಗುವುದು ಇಲ್ಲಿ 910 ದಾಟುತ್ತದೆ. ನಮ್ಮ ಪರದೆಯ ವಿಸ್ತೀರ್ಣ 13.8 ಚದರ ಮೀಟರ್. ಕ್ಯಾಬಿನೆಟ್‌ಗಳ ತೂಕ ಸುಮಾರು 550 ಕಿಲೋ ಆದರೆ, ಪ್ರಾಥಮಿಕ ಲೆಕ್ಕದಲ್ಲಿಯೇ ಗಾಳಿಯ ತಳ್ಳು 1,280 ಕಿಲೋ ಭಾರಕ್ಕೆ ಸಮ. ತೂಕ ತಡೆದರೆ ಸಾಕೆಂದು ಗೋಡೆಗೆ ಆಂಕರ್ ಬೋಲ್ಟ್ ಹೊಡೆಯುವವರು ಈ ಎರಡನೆಯ ಸಂಖ್ಯೆಯನ್ನು ನೋಡಲೇಬೇಕು. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ಹೋರ್ಡಿಂಗ್ ಉರುಳಿ 17 ಮಂದಿ ಸತ್ತ ಮೇಲೆ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ನಕ್ಷೆಯಿಲ್ಲದೆ ಯಾವ ಚೌಕಟ್ಟನ್ನೂ ಏರಿಸಬಾರದು ಎಂದು ನಾನು ಗ್ರಾಹಕರಿಗೆ ಖಂಡಿತವಾಗಿ ಹೇಳುತ್ತೇನೆ. ಇಲ್ಲಿ ಇಟ್ಟಿಗೆ ಗೋಡೆಯನ್ನು ನಂಬದೆ ಕಾಂಕ್ರೀಟ್ ಕಂಬ ಮತ್ತು ತೊಲೆಗಳಿಗೇ ಚೌಕಟ್ಟನ್ನು ಕಚ್ಚಿಸಿದೆವು. ಉಪ್ಪುಗಾಳಿಗೆ ಬಣ್ಣ ಬಳಿದ ಕಬ್ಬಿಣ ತಡೆಯುವುದಿಲ್ಲವಾದ್ದರಿಂದ ಸತುವಿನಲ್ಲಿ ಅದ್ದಿ ತೆಗೆದ ಉಕ್ಕನ್ನೂ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟುಗಳನ್ನೂ ಬಳಸಿದೆವು.

ವಿದ್ಯುತ್ತಿನ ಲೆಕ್ಕದಲ್ಲಿ ಚದರ ಮೀಟರಿಗೆ ಗರಿಷ್ಠ 750 ವ್ಯಾಟ್ ಎಂದಿಟ್ಟುಕೊಂಡರೆ ಪರದೆಯೆಲ್ಲ ಬಿಳಿಯಾದಾಗ ಹತ್ತು ಕಿಲೋವ್ಯಾಟ್ ದಾಟುತ್ತದೆ. ಸಾಮಾನ್ಯ ವಿಡಿಯೋಗೆ ಅದರ ಮೂರನೆಯ ಒಂದು ಭಾಗ ಸಾಕು. ಆದರೂ ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸುವ ಅರ್ಜಿಯಲ್ಲಿ ಗರಿಷ್ಠವನ್ನೇ ಬರೆದು, ಐದೈದು ಕ್ಯಾಬಿನೆಟ್‌ಗಳನ್ನು ಒಂದೊಂದು ಫೇಸಿಗೆ ಹಂಚಿದೆವು. ಒಂದೇ ಕ್ಷಣದಲ್ಲಿ ಪರದೆಗೆ ವಿದ್ಯುತ್ ಒದಗಿಸುವ ಎಲ್ಲ ಎಸ್‌ಎಂಪಿಎಸ್‌ಗಳೂ ಚಾಲೂ ಆದರೆ ಬ್ರೇಕರ್ ಬೀಳುತ್ತದೆ ಎಂದು ಟೈಮರ್ ಇಟ್ಟು ಒಂದರ ಹಿಂದೊಂದರಂತೆ ಫೇಸುಗಳನ್ನು ಎಬ್ಬಿಸುತ್ತೇವೆ. ಮಾಡ್ಯೂಲಿಗೆ, ಅಂದರೆ ಕ್ಯಾಬಿನೆಟ್ಟಿನೊಳಗಿನ ಒಂದೊಂದು ಸಣ್ಣ ಎಲ್‌ಇಡಿ ಫಲಕಕ್ಕೆ, ಹೋಗುವುದು ಐದೇ ವೋಲ್ಟ್ ಆದ್ದರಿಂದ ತಂತಿ ದಪ್ಪವಿರಬೇಕು, ಗಿಡ್ಡವಿರಬೇಕು. ನೀಲಿ ಮತ್ತು ಹಸಿರು ಎಲ್‌ಇಡಿಗಳಿಗೆ ಸುಮಾರು ಮೂರು ವೋಲ್ಟ್ ಬೇಕು, ಕೆಂಪಿಗೆ ಎರಡರ ಆಸುಪಾಸು ಸಾಕು. ಹಾಗಾಗಿ ತಂತಿಯಲ್ಲಿ ವೋಲ್ಟೇಜ್ ಕುಸಿದರೆ ಪರದೆಯ ಬಿಳಿ ಒಂದು ಮೂಲೆಯಲ್ಲಿ ಕೆಂಪಗಾಗುತ್ತದೆ. ಹಾಗೆ ಕಂಡಲ್ಲಿ ಮೀಟರ್ ಹಿಡಿದು ಮೊದಲು ನೋಡಬೇಕಾದದ್ದು ಆ ಮಾಡ್ಯೂಲಿನ ಪವರ್ ತಂತಿಯನ್ನು.

ಹೊಳಪಿನ ವಿಷಯದಲ್ಲಿ ಪಶ್ಚಿಮದ ಬಿಸಿಲು ನಮಗೆ ಆಯ್ಕೆ ಉಳಿಸಲಿಲ್ಲ. ಸಂಜೆ ನಾಲ್ಕರ ನೇರ ಬಿಸಿಲಿಗೆ 6,000 ನಿಟ್ (ನಿಟ್ ಎಂದರೆ ಹೊಳಪಿನ ಅಳತೆ) ಬೇಕೇ ಬೇಕು. ಅದೇ ಹೊಳಪು ರಾತ್ರಿ ಎದುರು ಬರುವ ಬೈಕ್ ಸವಾರನ ಕಣ್ಣು ಕೋರೈಸುತ್ತದೆ, ಎದುರಿನ ಮನೆಯವರ ನಿದ್ದೆ ಕೆಡಿಸುತ್ತದೆ. ಬೆಳಕಿನ ಸೆನ್ಸರ್ ಹಾಕಿ ಕತ್ತಲಾದ ಮೇಲೆ ಹೊಳಪು ಶೇ. 10–15ಕ್ಕೆ ತಾನಾಗಿಯೇ ಇಳಿಯುವಂತೆ ಹೊಂದಿಸಿದೆ. ಇಷ್ಟು ಇಳಿಸಿದಾಗಲೂ ನೆರಳಿನ ಛಾಯೆಗಳು ಪಟ್ಟೆಪಟ್ಟೆಯಾಗದಿರಲು, ಮೊಬೈಲಿನಲ್ಲಿ ವಿಡಿಯೋ ತೆಗೆಯುವವರಿಗೆ ಕಪ್ಪು ಗೆರೆಗಳು ಓಡದಿರಲು ಸೆಕೆಂಡಿಗೆ 3,840 ಸಲ ಚಿತ್ರವನ್ನು ಹೊಸದಾಗಿ ಮೂಡಿಸುವ (3,840 ಹರ್ಟ್ಸ್ ರಿಫ್ರೆಶ್) ಮಾಡ್ಯೂಲ್‌ಗಳನ್ನು ತರಿಸಿದ್ದೆ. ಮದುವೆ ಜವಳಿಗೆ ಬಂದವರು ಅಂಗಡಿಯೆದುರು ಫೋಟೋ ತೆಗೆಸಿಕೊಳ್ಳುವ ಈ ಕಾಲದಲ್ಲಿ ಅದು ಅನಗತ್ಯ ಖರ್ಚಲ್ಲ.

ಬಣ್ಣಕ್ಕೆ ನಾನು ಸಾಕಷ್ಟು ಸಮಯ ಕೊಟ್ಟೆ. ಕಾರ್ಖಾನೆಯಿಂದ ಬಂದಾಗ ಬಿಳಿ ನೀಲಿಯತ್ತ ವಾಲಿತ್ತು. ಅದನ್ನು ಹಗಲು ಬೆಳಕಿನ ಬಿಳಿಗೆ ಹತ್ತಿರವಾದ 6,500 ಕೆಲ್ವಿನ್‌ಗೆ ತಂದು, ಮುಸ್ಸಂಜೆಯಲ್ಲಿ ಒಂದು ಇಳಕಲ್ ಸೀರೆಯನ್ನು ಪರದೆಯ ಪಕ್ಕದಲ್ಲಿ ಹರಡಿಸಿ, ಅದರದೇ ವಿಡಿಯೋ ಹಾಕಿ, ಸೆರಗಿನ ಕೆಂಪು ಎರಡರಲ್ಲಿಯೂ ಹೊಂದುವವರೆಗೆ ಕೆಂಪಿನ ಪ್ರಮಾಣವನ್ನು ಇಳಿಸಿದೆ. ಪರದೆಯಲ್ಲಿ ಕಂಡ ಬಣ್ಣವೇ ಒಳಗೆ ಕೈಗೆ ಸಿಗಬೇಕು ಎಂಬುದು ಜವಳಿ ವ್ಯಾಪಾರದ ನ್ಯಾಯ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಮುಂಭಾಗಕ್ಕೆ ಐಪಿ65 ದರ್ಜೆಯ, ಅಂದರೆ ಧೂಳನ್ನೂ ಚಿಮ್ಮುವ ನೀರನ್ನೂ ತಡೆಯುವ, ರಕ್ಷಣೆಯಿದ್ದರೂ ತೇವ ಎಲ್‌ಇಡಿಯ ಅಂಟಿನೊಳಗೆ ಮೆಲ್ಲಗೆ ಇಳಿಯುತ್ತದೆ. ಪರದೆಯನ್ನು ದಿನಗಟ್ಟಲೆ ಬಂದ್ ಮಾಡಿಟ್ಟು ಒಮ್ಮೆಲೇ ಪೂರ್ಣ ಹೊಳಪಿಗೆ ಏರಿಸಿದರೆ ಬಿಂದುಗಳು ಸಾಯುತ್ತವೆ. ಅಂಗಡಿಗೆ ರಜೆಯಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿದಿನ ಕೆಲವು ಗಂಟೆ ಕಡಿಮೆ ಹೊಳಪಿನಲ್ಲಿ ಉರಿಸಬೇಕೆಂದು ಅಂಗಡಿಯ ಹುಡುಗರಿಗೆ ಬರೆದುಕೊಟ್ಟಿದ್ದೇನೆ. 270 ಮಾಡ್ಯೂಲ್‌ಗಳ ಜೊತೆಗೆ ಅದೇ ಬ್ಯಾಚಿನ ಹದಿಮೂರು ಮಾಡ್ಯೂಲ್‌ಗಳನ್ನು ಆಗಲೇ ಕೊಂಡು ಅಂಗಡಿಯ ಒಣ ಕಪಾಟಿನಲ್ಲಿ ಇಡಿಸಿದೆ. ಬೇರೆ ಬ್ಯಾಚಿನದು ತಂದರೆ ಬಣ್ಣ ಹೊಂದದೆ ಪರದೆಯ ನಡುವೆ ತೇಪೆ ಎದ್ದು ಕಾಣುತ್ತದೆ, ಅದನ್ನು ಬಣ್ಣ, ಹೊಳಪು ಸರಿಹೊಂದಿಸುವ ಕ್ಯಾಲಿಬ್ರೇಷನ್ನಿನಿಂದ ಪೂರ್ತಿ ಅಳಿಸಲು ಸಾಧ್ಯವಾಗುವುದಿಲ್ಲ.